28ಕ್ಕೇ ಆಟ ಮುಗಿಸಿದ ಲೈನ್‌ಬ್ಯಾಕರ್

ಪ್ರಿಯ ರಾಘು,

ಲ್ಯೂಕ್ ಕೀಕ್ಲಿ ಯಾರೆಂದು ನೀನು ಕೇಳಿದ್ದೆ. ನಮ್ಮ ಹಳೆಯ ಬಳಗದವರೂ ಓದಲಿ ಎಂದು ಇಲ್ಲಿಯೇ ಉತ್ತರಿಸುತ್ತಿದ್ದೇನೆ. ಅಮೆರಿಕದ ಶಾರ್ಲಟ್‌ನಲ್ಲಿ ನೆಲೆಸಿದವರಿಗೆ ಕ್ಯಾರೊಲಿನಾ ಪ್ಯಾಂಥರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಮನೆಯ ತಂಡವೇ. ಎಂಟು ವರ್ಷ ಆ ತಂಡದ ಜೀವವಾಗಿದ್ದವರು ಕೀಕ್ಲಿ.

ರಕ್ಷಣಾ ಸಾಲಿನ ಹಿಂದೆ ನಿಂತು, ಚೆಂಡು ಹಿಡಿದು ನುಗ್ಗುವವನನ್ನು ಕೆಡವುವುದು (ಇದೇ ಟ್ಯಾಕಲ್), ಚೆಂಡು ಎಸೆದರೆ ಹಿಂದಕ್ಕೆ ಓಡಿ ತಡೆಯುವುದು ಲೈನ್‌ಬ್ಯಾಕರ್‌ನ ಕೆಲಸ. ಕಬಡ್ಡಿಯಲ್ಲಿ ರೈಡರ್‌ನ ಪಾದ ನೋಡಿಯೇ ಅವನ ಮನಸ್ಸನ್ನು ಓದುವವರಂತೆ, ಕೀಕ್ಲಿ ಎದುರಾಳಿಗಳು ನಿಂತ ರೀತಿಯಿಂದಲೇ ಬರಲಿರುವ ಆಟವನ್ನು ಊಹಿಸಿ ತಮ್ಮವರಿಗೆ ಕೂಗಿ ಹೇಳುತ್ತಿದ್ದರು. ಬಾಸ್ಟನ್ ಕಾಲೇಜಿನಿಂದ ಬಂದ ಅವರು 2012ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಒಂಬತ್ತನೆಯ ಆಯ್ಕೆಯಾದರು. ಮೊದಲ ವರ್ಷವೇ 164 ಟ್ಯಾಕಲ್‌ಗಳೊಂದಿಗೆ ಇಡೀ ಲೀಗ್‌ಗೆ ಮೊದಲಿಗರಾದರು. 2013ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರೆನಿಸಿದರು.

2016ರ ನವೆಂಬರ್‌ನಲ್ಲಿ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧದ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು, ಆ ಗಟ್ಟಿ ಆಳು ತಡೆಯಲಾರದೆ ಅಳುತ್ತ ಗಾಡಿಯಲ್ಲಿ ಮೈದಾನದಿಂದ ಹೊರಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆಮೇಲೂ ಅವರು ಮರಳಿ ಬಂದು ಶ್ರೇಷ್ಠವಾಗಿಯೇ ಆಡಿದರು. ಆದರೆ 2020ರ ಜನವರಿಯಲ್ಲಿ, ಈ ಆಟವನ್ನು ವೇಗವಾಗಿ, ಬಲವಾಗಿ ಆಡುವುದೊಂದೇ ದಾರಿ, ಅದು ಇನ್ನು ತಮ್ಮಿಂದ ಸಾಧ್ಯವೋ ತಿಳಿಯದು ಎಂದು ಹೇಳಿ ನಿವೃತ್ತರಾದರು. ಆಗ ಅವರಿಗೆ ಕೇವಲ 28.

ಅವರು ಡ್ರಾಫ್ಟ್ ಆದ ಒಂದು ವಾರದೊಳಗೆ, ಇಪ್ಪತ್ತು ಋತು ಆಡಿದ್ದ ಇನ್ನೊಬ್ಬ ಮಹಾನ್ ಲೈನ್‌ಬ್ಯಾಕರ್ ಜೂನಿಯರ್ ಸೇಯೌ 43ನೆಯ ವಯಸ್ಸಿನಲ್ಲಿ ತಾವೇ ಪ್ರಾಣ ತೆಗೆದುಕೊಂಡಿದ್ದರು. ತಲೆಗೆ ಪದೇ ಪದೇ ಬೀಳುವ ಪೆಟ್ಟುಗಳಿಂದ ಬರುವ ಸಿಟಿಇ ಎಂಬ ಕಾಯಿಲೆ ಅವರ ಮಿದುಳಿನಲ್ಲಿದ್ದದ್ದು ಮರುವರ್ಷ ತಿಳಿಯಿತು. ಆ ಕಾಯಿಲೆಯನ್ನು ಖಚಿತಪಡಿಸುವುದು ಸತ್ತ ಮೇಲೆಯೇ, ರಾಘು.

ಇದೆಲ್ಲ ತಿಳಿದಿದ್ದೂ, ಒಂಬತ್ತನೆಯ ತರಗತಿಯ ನನ್ನ ಮಗ ಶಾಲೆಯ ತಂಡದ ಲೈನ್‌ಬ್ಯಾಕರ್ ಆಗಲು ಒಪ್ಪಿಗೆಯ ಸಹಿ ಹಾಕಿದವನು ನಾನೇ. ಕೀಕ್ಲಿಯ 59ನೆಯ ಸಂಖ್ಯೆಯನ್ನೇ ಅವನು ಕೇಳಿ ಪಡೆದ. ಮೊನ್ನೆ ಅವನು ಎದುರಿನ ಹುಡುಗನನ್ನು ಕೆಡವಿದಾಗ ನಾನು ಎದ್ದು ನಿಂತು ಗಂಟಲು ಬಿರಿಯುವಂತೆ ಕೂಗಿದೆ. ಬಿದ್ದ ಹುಡುಗ ಏಳಲು ತಡಮಾಡಿದ. ಅವನ ತಾಯಿ ನನ್ನ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಆ ಹುಡುಗ ಎದ್ದು ನಡೆದ, ಏನೂ ಆಗಿರಲಿಲ್ಲ. ಆದರೂ ಅಂದಿನಿಂದ ಆ ಹೆಮ್ಮೆಯೂ ಆ ಭಯವೂ ನನ್ನಲ್ಲಿ ಒಟ್ಟಿಗೇ ಇವೆ; ಆಟ ಬಿಡು ಎಂದು ಮಗನಿಗೆ ಹೇಳುವ ಮನಸ್ಸಾಗುತ್ತಿಲ್ಲ, ಆಡು ಎಂದು ಹೇಳುವ ಧೈರ್ಯವೂ ಇಲ್ಲ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇಷ್ಟೆಲ್ಲ ಬರೆಯುತ್ತೇನೆಂದು ಕುಳಿತಿರಲಿಲ್ಲ, ಇರಲಿ. ರಜೆಗೆ ಊರಿಗೆ ಬಂದಾಗ ಅವನ ಜೊತೆ ನೀನೇ ಮಾತಾಡು. ರಾಘು ಮಾಮನೆಂದರೆ ಅವನಿಗೆ ಪ್ರಾಣ. ಸೋಡಾ ಮೇಷ್ಟರ ಕಥೆಯಿಂದಲೇ ಶುರು ಮಾಡು, ಆದರೆ ಬಾವಿಯ ಭಾಗ ಬೇಡ. ಅವನಮ್ಮ ಪಕ್ಕದಲ್ಲೇ ಇರುತ್ತಾಳೆ.

ನಿನ್ನ,
ಸುರೇಶ