ಮಾದರಿ ಕೊಟ್ಟವರಿಗೆ ಫಲಿತಾಂಶ ತಿಳಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ವಿಷಯ: ಸರ್ಕಾರಿ ಅನುದಾನದಿಂದ ನಡೆಯುವ ಕರುಳಿನ ಸಂಶೋಧನೆಗಳಲ್ಲಿ ಮಲದ ಮಾದರಿ ಕೊಟ್ಟವರಿಗೆ ಅವರವರ ಪರೀಕ್ಷೆಯ ಫಲಿತಾಂಶವನ್ನು ಕಡ್ಡಾಯವಾಗಿ ತಿಳಿಸುವ ಬಗ್ಗೆ.

ಮಾನ್ಯರೇ,

ಈ ವಿಷಯವಾಗಿ ತಮ್ಮ ಇಲಾಖೆಗೆ ನಾನು ಬರೆದ ಮನವಿಗಳಿಗೆಲ್ಲ 'ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ ಬಂದಿರುವುದರಿಂದ, ಇನ್ನು ಲಕೋಟೆ ಅಂಟಿಸಿ ಕಳಿಸುವುದರಲ್ಲಿ ಅರ್ಥವಿಲ್ಲವೆಂದು ತೋರಿ, ಎಲ್ಲರೂ ಓದುವಂತೆ ಇದನ್ನು ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಸಾರ್ವಜನಿಕ ಹಣದಿಂದ ನಡೆಯುವ ಕರುಳಿನ ಸಂಶೋಧನೆಗೆ ಯಾರು ಮಲದ ಮಾದರಿ ಕೊಡುತ್ತಾರೋ ಅವರಿಗೆ, ಆ ಮಾದರಿಯಲ್ಲಿ ರೋಗದ ಸುಳಿವು ಕಂಡರೆ, ಅದನ್ನು ತಿಳಿಸಬೇಕು. ತಿಳಿಸಿದ ಮೇಲೆ ಕೊಲೊನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿಂದ ನೋಡುವ ಪರೀಕ್ಷೆಗೆ, ದಾರಿ ಮಾಡಿಕೊಡಬೇಕು. ಇಷ್ಟು ಸರಳವಾದ ವಿಷಯಕ್ಕೆ ಬಹಿರಂಗ ಪತ್ರ ಬೇಕಾಯಿತೇ ಎಂದು ತಮಗೆ ಅನ್ನಿಸಿದರೆ, ನನಗೂ ಹಾಗೆಯೇ ಅನ್ನಿಸುತ್ತದೆ.

ನನ್ನ ಅಣ್ಣ ಐವತ್ತು ದಾಟಿದವನು. ಶೌಚಕ್ಕೆ ಹೋದಾಗ ಆಗೊಮ್ಮೆ ಈಗೊಮ್ಮೆ ರಕ್ತ ಕಾಣುತ್ತಿತ್ತು; ಮೂಲವ್ಯಾಧಿ ಇರಬೇಕೆಂದು ಮುಲಾಮು ಹಚ್ಚಿಕೊಂಡು ಸುಮ್ಮನಿದ್ದ. ಇಂತಹ ತೊಂದರೆಯನ್ನು ಮನೆಯವರ ಹತ್ತಿರವೂ ಹೇಳಿಕೊಳ್ಳಲು ನಾಚುವ ಅಸಂಖ್ಯಾತ ಜನರಲ್ಲಿ ಅವನೂ ಒಬ್ಬ. ಅಷ್ಟರಲ್ಲಿ, ಕರುಳಿನ ಕಾಯಿಲೆಗಳನ್ನು ಬೇಗ ಪತ್ತೆಹಚ್ಚುವ ವಿಧಾನಗಳ ಕುರಿತು ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಅಧ್ಯಯನವೊಂದರ ಸಿಬ್ಬಂದಿ ಮನೆಗೇ ಬಂದರು. ವೈದ್ಯರ ಎದುರು ಬಾಯಿ ಬಿಡಲಾರದಿದ್ದ ಅಣ್ಣನಿಗೆ, ಕಡ್ಡಿಯ ತುದಿಗೆ ಅಂಟುವಷ್ಟು ಮಾದರಿಯನ್ನು ಪುಟ್ಟ ಕೊಳವೆಯೊಳಗಿಟ್ಟು ಮುಚ್ಚಳ ಹಾಕಿ ಕೊಡುವುದು ಸುಲಭವೆನ್ನಿಸಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಅದರ ಒಳಪುಟದಲ್ಲಿ 'ವೈಯಕ್ತಿಕ ಫಲಿತಾಂಶಗಳನ್ನು ತಿಳಿಸಲಾಗುವುದಿಲ್ಲ' ಎಂಬ ಸಾಲಿತ್ತು. ಅವನು ಅದನ್ನು ಓದಿರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಓದಿದ್ದ. ಆದರೂ ಕೆಟ್ಟದ್ದೇನಾದರೂ ಕಂಡರೆ ಹೇಳದೆ ಇರುತ್ತಾರೆಯೇ ಎಂದು ನಂಬಿದ್ದ. ಅವನ ಜಾಗದಲ್ಲಿ ತಾವಿದ್ದಿದ್ದರೆ ತಾವೂ ಹಾಗೆಯೇ ನಂಬುತ್ತಿದ್ದಿರಿ.

ಯಾರೂ ಏನೂ ಹೇಳಲಿಲ್ಲ. ಆ ಮೌನವೇ ಅವನ ಪಾಲಿಗೆ ಆರೋಗ್ಯದ ಪ್ರಮಾಣಪತ್ರವಾಯಿತು. ವೈದ್ಯರಲ್ಲಿಗೆ ಹೋಗು ಎಂದು ಅತ್ತಿಗೆ ಒತ್ತಾಯಿಸಿದಾಗಲೆಲ್ಲ, ದೊಡ್ಡ ಸಂಸ್ಥೆಯವರೇ ಪರೀಕ್ಷೆ ಮಾಡಿದ್ದಾರೆ, ಏನಾದರೂ ಇದ್ದಿದ್ದರೆ ಇಷ್ಟರಲ್ಲಿ ತಿಳಿಯುತ್ತಿತ್ತು ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ. ಮಾದರಿ ಕೊಡದೆ ಇದ್ದಿದ್ದರೆ ಪ್ರಾಯಶಃ ಬೇಗ ಹೋಗುತ್ತಿದ್ದ. ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ, ಸ್ವಾಮಿ: ರೋಗ ಪತ್ತೆಹಚ್ಚುವ ಸಂಶೋಧನೆಯಲ್ಲಿ ಪಾಲ್ಗೊಂಡದ್ದರಿಂದಲೇ ಒಬ್ಬ ಮನುಷ್ಯನ ರೋಗ ಪತ್ತೆಯಾಗುವುದು ತಡವಾಯಿತು. ವರ್ಷ ಕಳೆದ ಮೇಲೆ ಒಂದು ರಾತ್ರಿ ಹೊಟ್ಟೆ ಉಬ್ಬಿ, ಕರುಳಿನ ದಾರಿಯೇ ಕಟ್ಟಿಕೊಂಡು, ತುರ್ತು ಶಸ್ತ್ರಚಿಕಿತ್ಸೆಯಾಯಿತು. ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದೆಯೆಂದು ಆಗ ತಿಳಿಯಿತು. ಹೊಟ್ಟೆಗೆ ಕಟ್ಟಿದ ಚೀಲ, ಮುಗಿಯದ ಕಿಮೋಥೆರಪಿ, ಬೆರಳ ತುದಿಗಳ ಜೋಮು, ತಣ್ಣೀರು ಮುಟ್ಟಿದರೆ ಚುಚ್ಚುವ ನೋವು, ಇವುಗಳನ್ನೆಲ್ಲ ನಾನು ತಮಗೆ ವರ್ಣಿಸಿ ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ದಿನವೂ ನೋಡುತ್ತಿರುವವನಿಗೆ ಹೇಳದೆ ಇರುವುದೂ ಆಗುವುದಿಲ್ಲ.

ಆಸ್ಪತ್ರೆಯಲ್ಲಿದ್ದಾಗಲೇ ನಾನು ಆ ಅಧ್ಯಯನದವರಿಗೆ ಬರೆದೆ. ಮಾದರಿಗಳಿಂದ ಹೆಸರುಗಳನ್ನು ಬೇರ್ಪಡಿಸಿ ಸಂಕೇತ ಸಂಖ್ಯೆ ಕೊಟ್ಟಿರುವುದರಿಂದ ಯಾವುದು ಯಾರದ್ದೆಂದು ಹೇಳಲು ಬರುವುದಿಲ್ಲ ಎಂಬ ಉತ್ತರ ಬಂತು. ಗೋಪ್ಯತೆಯ ಬಗ್ಗೆ ಅಷ್ಟು ಕಾಳಜಿ ಇರುವುದು ಒಳ್ಳೆಯದೇ ಎಂದುಕೊಂಡು ಸುಮ್ಮನಾಗುವವನಿದ್ದೆ. ಆದರೆ ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಒಣಗಿರದಿದ್ದ ದಿನಗಳಲ್ಲಿ ಅದೇ ಅಧ್ಯಯನದಿಂದ ಅಣ್ಣನ ಮೊಬೈಲಿಗೆ ಕರೆ ಬಂತು. ಅವನ ಹೆಸರು ಹಿಡಿದು ಮಾತನಾಡಿಸಿ, 'ಸರ್, ನಿಮ್ಮ ಎರಡನೇ ಹಂತದ ಮಾದರಿ ಬಾಕಿ ಇದೆ, ಯಾವಾಗ ಬರಲಿ?' ಎಂದು ವಿನಯದಿಂದಲೇ ಕೇಳಿದರು. ಮಾದರಿ ಬೇಕಾದಾಗ ಹೆಸರು, ವಿಳಾಸ, ಫೋನ್ ಸಂಖ್ಯೆ ಎಲ್ಲವೂ ಸಿಗುತ್ತದೆ. ಫಲಿತಾಂಶ ಕೇಳಿದಾಗ ಮಾತ್ರ ಮನುಷ್ಯ ಮಾಯವಾಗಿ ಸಂಕೇತ ಸಂಖ್ಯೆಯಷ್ಟೇ ಉಳಿಯುತ್ತದೆ. ಇಂತಹ ಗೋಪ್ಯತೆಯನ್ನು ಕಂಡುಹಿಡಿದವರಿಗೆ ತಮ್ಮ ಇಲಾಖೆ ಪ್ರಶಸ್ತಿಯನ್ನೇ ಕೊಡಬಹುದು. ಈ ಕರೆಯ ವಿವರವನ್ನು ಮುಂದಿಟ್ಟು ಪಟ್ಟುಹಿಡಿದ ಮೇಲೆ, ಕೊನೆಗೆ ಒಂದೇ ಸಾಲಿನ ಕಾಗದ ಬಂತು: ಮೊದಲ ಮಾದರಿಯಲ್ಲಿ ರಕ್ತದ ಅಂಶ ನಿಗದಿತ ಮಿತಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು.

ಎರಡನೇ ಮಾದರಿಯನ್ನು ಅಣ್ಣ ಕೊಟ್ಟ, ಮಾನ್ಯರೇ. ಬೇರೆ ಯಾರಿಗಾದರೂ ಉಪಯೋಗವಾಗಲಿ ಎಂದ. ನಾನು ಬೇಡವೆಂದಿದ್ದೆ.

ನಾನು ಸಂಶೋಧನೆಯ ವಿರೋಧಿಯಲ್ಲ. ಈ ರೋಗದ ವಿಷಯದಲ್ಲಿ ಸಂಶೋಧನೆ ಏನು ಸಾಧಿಸಿದೆ ಎಂಬುದನ್ನು ಕಳೆದ ದಿನಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಓದಿದ್ದೇನೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಜನರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. 9 ಲಕ್ಷಕ್ಕೂ ಹೆಚ್ಚು ಜನ ಅದರಿಂದ ತೀರಿಕೊಂಡರು. ಇದು ಬಹುಪಾಲು ನಿಧಾನವಾಗಿ ಬೆಳೆಯುವ ರೋಗ. ಕರುಳಿನ ಒಳಗೋಡೆಯಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಿ ಬದಲಾಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ, ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲೇ ಅದನ್ನು ಕತ್ತರಿಸಿ ತೆಗೆಯಬಹುದು. ಕ್ಯಾನ್ಸರ್ ಕರುಳಿನೊಳಗೇ ಇರುವಾಗ ಸಿಕ್ಕಿಬಿದ್ದರೆ ಹತ್ತರಲ್ಲಿ ಒಂಬತ್ತು ಜನ ಐದು ವರ್ಷಕ್ಕಿಂತ ಹೆಚ್ಚು ಬದುಕುತ್ತಾರೆಂದೂ, ದೂರದ ಅಂಗಗಳಿಗೆ ಹರಡಿದ ಮೇಲೆ ಆ ಸಂಖ್ಯೆ ಒಂದೋ ಎರಡೋ ಆಗುತ್ತದೆಂದೂ ಅಮೆರಿಕದ ಅಂಕಿಅಂಶಗಳು ಹೇಳುತ್ತವೆ. ಅಣ್ಣ ಯಾವ ಸಾಲಿನಲ್ಲಿದ್ದಾನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಹಿಡಿಯುವ ಪರೀಕ್ಷೆಯಿಂದ ಸಾವು ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದ ಮಿನ್ನೆಸೋಟದಲ್ಲಿ 46 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ತೋರಿಸಿತು. ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಪಟ್ಟವರ ಗುಂಪಿನಲ್ಲಿ, 13 ವರ್ಷಗಳ ಲೆಕ್ಕದಲ್ಲಿ, ಈ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ಇಳಿದಿತ್ತು. ಆದರೆ ಆ ಅಧ್ಯಯನದಲ್ಲಿ ರಕ್ತ ಕಂಡವರನ್ನು ಕರೆಸಿ ಕೊಲೊನೋಸ್ಕೋಪಿ ಮಾಡಿದ್ದರು ಎಂಬ ಸಂಗತಿಯನ್ನು ನಮ್ಮ ಸಂಶೋಧಕರು ಓದದೆ ಬಿಟ್ಟಂತಿದೆ. ಕೊಳವೆಯೊಳಗಿನ ರಾಸಾಯನಿಕ ಯಾರ ಜೀವವನ್ನೂ ಉಳಿಸಿಲ್ಲ. ಬಂದ ಫಲಿತಾಂಶವನ್ನು ಯಾರೋ ಒಬ್ಬರು ರೋಗಿಗೆ ಹೇಳಿದ್ದರಿಂದ ಜೀವ ಉಳಿದಿದೆ. ಜಪಾನ್ 1992ರಿಂದ ದೇಶದಾದ್ಯಂತ ಈ ತಪಾಸಣೆ ನಡೆಸುತ್ತಿದೆ. ನೆದರ್ಲೆಂಡ್ಸ್ 2014ರಿಂದ 55 ರಿಂದ 75 ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಕಳಿಸಿ, ಫಲಿತಾಂಶವನ್ನೂ ಪತ್ರ ಬರೆದು ತಿಳಿಸುತ್ತದೆ. ಒಂದು ಪತ್ರ ಬರೆಯುವುದು ಅಸಾಧ್ಯವಾದ ಕೆಲಸವೇನೂ ಅಲ್ಲ ಎಂದಾಯಿತು.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ಪರೀಕ್ಷೆಯಲ್ಲಿ ರಕ್ತ ಕಂಡ ಸುಮಾರು 70 ಸಾವಿರ ಜನರ ದಾಖಲೆಗಳನ್ನು ಪರಿಶೀಲಿಸಿದ, 2017ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರ ಪ್ರಕಾರ, ಕೊಲೊನೋಸ್ಕೋಪಿ ಹತ್ತು ತಿಂಗಳಿಗಿಂತ ತಡವಾದವರಲ್ಲಿ ಕ್ಯಾನ್ಸರ್ ಇರುವ ಮತ್ತು ಅದು ಮುಂದುವರಿದ ಹಂತದಲ್ಲಿರುವ ಸಂಭವ ಹೆಚ್ಚಾಗಿತ್ತು. ವರ್ಷ ದಾಟಿದವರಲ್ಲಿ ಇನ್ನೂ ಹೆಚ್ಚು. ಅಣ್ಣನ ಫಲಿತಾಂಶ ಕಡತದಲ್ಲಿ ಮಲಗಿದ್ದ ಅವಧಿ ಈ ಎರಡನ್ನೂ ದಾಟಿತ್ತು.

ಸಂಶೋಧಕರು ಹೇಳುವ ಸಮರ್ಥನೆಯನ್ನೂ ಕೇಳಿದ್ದೇನೆ. ಅರ್ಥ ಖಚಿತವಾಗದ ಫಲಿತಾಂಶಗಳನ್ನು ಜನರಿಗೆ ಹೇಳಿದರೆ ಸುಮ್ಮನೆ ಗಾಬರಿಯಾಗುತ್ತದೆ ಎನ್ನುತ್ತಾರೆ. ಈ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಕರುಳಿನ ಗೆಡ್ಡೆಗಳಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿರುತ್ತದೆಂದು ಕಂಡುಬಂದು ಹತ್ತು ವರ್ಷಗಳ ಮೇಲಾಯಿತು, ಅದರ ಮೇಲೆ ಒಳ್ಳೆಯ ಸಂಶೋಧನೆಯೂ ನಡೆಯುತ್ತಿದೆ. ಹಾಗೆಂದು ಒಬ್ಬ ವ್ಯಕ್ತಿಯ ಮಲದಲ್ಲಿ ಅದು ಎಷ್ಟಿದೆ ಎಂಬ ಅಂಕಿಯನ್ನು ಅವನ ಕೈಗೆ ಕೊಟ್ಟರೆ ಅವನು ಅದನ್ನಿಟ್ಟುಕೊಂಡು ಮಾಡುವುದೇನೂ ಇಲ್ಲ. ಅಂತಹ ಅಂಕಿಗಳು ಪ್ರಯೋಗಾಲಯದಲ್ಲೇ ಇರಲಿ. ಆದರೆ ಮಲದಲ್ಲಿ ರಕ್ತ ಇದೆಯೇ ಎಂಬ ಪರೀಕ್ಷೆ ಆ ಜಾತಿಗೆ ಸೇರಿದ್ದಲ್ಲ. ಕರುಳಿನ ಉರಿಯೂತವನ್ನು ಸೂಚಿಸುವ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯೂ ಅಲ್ಲ. ಕ್ರೋನ್ಸ್ ಕಾಯಿಲೆಯಂತಹ ಉರಿಯೂತವನ್ನು ಬರೀ ಹೊಟ್ಟೆ ಕೆಡುವ ತೊಂದರೆಯಿಂದ ಬೇರ್ಪಡಿಸಲು ವೈದ್ಯರು ಅದನ್ನು ದಿನನಿತ್ಯ ಬಳಸುತ್ತಾರೆ. ಚಿಕಿತ್ಸೆಯಲ್ಲಿ ಈಗಾಗಲೇ ಬಳಕೆಯಲ್ಲಿರುವ ಪರೀಕ್ಷೆಯ ಫಲಿತಾಂಶ, ಸಂಶೋಧನೆಯ ಕಡತಕ್ಕೆ ಸೇರಿದ ಕೂಡಲೇ ಅರ್ಥವಿಲ್ಲದ್ದಾಗಿಬಿಡುತ್ತದೆಯೇ?

ಏನೂ ಕಾಣದಿದ್ದವರಿಗೂ ಒಂದು ಮಾತು ಹೇಳಬೇಕಾಗುತ್ತದೆ. ಮಲದಲ್ಲಿ ರಕ್ತ ಹುಡುಕುವ ಒಂದೇ ಬಾರಿಯ ಪರೀಕ್ಷೆ ಐದು ಕ್ಯಾನ್ಸರ್‌ಗಳಲ್ಲಿ ಸುಮಾರು ನಾಲ್ಕನ್ನು ಹಿಡಿಯುತ್ತದೆ, ಒಂದನ್ನು ಬಿಡುತ್ತದೆ. ಮಾದರಿ ಬಿಸಿಲಿನಲ್ಲಿ ಉಳಿದರೆ ಅದರಲ್ಲಿರುವ ಹಿಮೋಗ್ಲೋಬಿನ್ ಕೆಟ್ಟು, ಇದ್ದ ರಕ್ತವೂ ಕಾಣದೆ ಹೋಗಬಹುದು. ಬೇಸಿಗೆಯಲ್ಲಿ ಹೀಗಾಗುವುದನ್ನು ಇಟಲಿಯ ಸಂಶೋಧಕರು ತೋರಿಸಿದ್ದಾರೆ. ನಮ್ಮ ಮನೆಗೆ ಬಂದವರು ಕೊಳವೆಗಳನ್ನು ಹೆಗಲಚೀಲದಲ್ಲಿ ಹಾಕಿಕೊಂಡು ಹೋದರು, ಆ ದೂರು ಇನ್ನೊಂದು ಪತ್ರಕ್ಕಿರಲಿ. ಲಕ್ಷಣಗಳು ಮುಂದುವರಿದರೆ ಫಲಿತಾಂಶ ಏನೇ ಇದ್ದರೂ ವೈದ್ಯರನ್ನು ಕಾಣಿರಿ ಎಂಬ ಒಂದು ಸಾಲನ್ನು ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚುಮಾಡಿಸಲು ಹೆಚ್ಚಿನ ಅನುದಾನವೇನೂ ಬೇಕಾಗುವುದಿಲ್ಲ.

ನಿಯಮಗಳು ತಮಗೆ ತಿಳಿಯದವಲ್ಲ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೈತಿಕ ಸೂತ್ರಗಳನ್ನು ಹಾಕಿಕೊಟ್ಟ, 1964ರಿಂದ ಜಾರಿಯಲ್ಲಿರುವ ಹೆಲ್ಸಿಂಕಿ ಘೋಷಣೆಯ ಪ್ರಕಾರ, ಹೊಸ ಜ್ಞಾನ ಗಳಿಸುವ ಗುರಿಯು ಪಾಲ್ಗೊಂಡ ವ್ಯಕ್ತಿಯ ಹಕ್ಕು ಮತ್ತು ಹಿತವನ್ನು ಮೀರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಸಿಐಒಎಂಎಸ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಗಳ ಮಂಡಳಿ 2016ರಲ್ಲಿ ಹೊರತಂದ ಮಾರ್ಗಸೂಚಿ ಇನ್ನೂ ನೇರವಾಗಿದೆ: ಜೀವ ಉಳಿಸಬಲ್ಲ ಮಾಹಿತಿಯನ್ನೂ, ಗಂಭೀರ ಕಾಯಿಲೆಯ ಚಿಕಿತ್ಸೆಗೆ ಕೂಡಲೇ ಉಪಯೋಗಕ್ಕೆ ಬರುವ ಮಾಹಿತಿಯನ್ನೂ ಮಾದರಿ ಕೊಟ್ಟವರ ಮುಂದಿಡಬೇಕು. ಹೀಗಿದ್ದೂ 'ತಿಳಿಸಲಾಗುವುದಿಲ್ಲ' ಎಂಬ ಸಾಲಿರುವ ಒಪ್ಪಿಗೆ ಪತ್ರಕ್ಕೆ ಯಾವ ನೈತಿಕ ಸಮಿತಿ ಮುದ್ರೆ ಒತ್ತಿತು, ಆ ಸಮಿತಿಯ ಎಷ್ಟು ಜನ ಸದಸ್ಯರು ಅದನ್ನು ಕೊನೆಯವರೆಗೆ ಓದಿದ್ದರು ಎಂದು ತಾವು ವಿಚಾರಿಸುವಿರೆಂದು ನಂಬಿದ್ದೇನೆ. ಅಲ್ಲ, ನಂಬಿದ್ದೆ, ಈಗ ಕೇಳುತ್ತಿದ್ದೇನೆ.

ಆದ್ದರಿಂದ ಮತ್ತೆ ಅದೇ ಮಾತು. ಮಾದರಿ ಕೊಟ್ಟವರಿಗೆ ಫಲಿತಾಂಶ ತಿಳಿಸಿ. ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಯಾವುದೇ ಪರೀಕ್ಷೆಯನ್ನು ಸಂಶೋಧನೆಯಲ್ಲಿ ಮಾಡಿದರೆ ಅದರ ಫಲಿತಾಂಶವನ್ನು ಇಂತಿಷ್ಟು ವಾರಗಳೊಳಗೆ ತಿಳಿಸುವ, ರಕ್ತ ಕಂಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿಗೆ ದಿನ ಗೊತ್ತುಮಾಡಿಕೊಡುವ ಯೋಜನೆ ಇಲ್ಲದ ಅಧ್ಯಯನಕ್ಕೆ ಅನುದಾನ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಮುಂದಿನ ಕಂತನ್ನು ತಡೆಹಿಡಿಯಿರಿ. ಕೊಲೊನೋಸ್ಕೋಪಿಯ ಸರದಿ ಈಗಲೇ ಉದ್ದವಾಗಿದೆ, ಇನ್ನಷ್ಟು ಜನರನ್ನು ಎಲ್ಲಿ ಸೇರಿಸುವುದು ಎಂದು ಅಧಿಕಾರಿಗಳು ತಮ್ಮ ಮುಂದೆ ಟಿಪ್ಪಣಿ ಇಡಬಹುದು. ಆ ಜನ ಹೇಗೂ ಆಸ್ಪತ್ರೆಗೆ ಬಂದೇ ಬರುತ್ತಾರೆ, ನನ್ನ ಅಣ್ಣ ಬಂದ ಹಾಗೆ ನಡುರಾತ್ರಿಯಲ್ಲಿ, ಸ್ಟ್ರೆಚರಿನ ಮೇಲೆ ಬರುತ್ತಾರೆ ಎಂದು ಆ ಟಿಪ್ಪಣಿಯ ಕೆಳಗೆ ದಯವಿಟ್ಟು ಬರೆಯಿರಿ.

ಹೊಸ ನಿಯಮ ರೂಪಿಸಲು ಸಮಿತಿ, ಉಪಸಮಿತಿ, ವರದಿ ಎಂದು ಕಾಲ ಹಿಡಿಯುತ್ತದೆಂಬುದನ್ನು ಬಲ್ಲೆ. ಆದರೆ ಅಣ್ಣನ ಜೊತೆಯಲ್ಲೇ ಮಾದರಿ ಕೊಟ್ಟ ಇತರರೂ ಇದ್ದಾರೆ, ಅವರಲ್ಲಿ ರಕ್ತ ಕಂಡವರೂ ಇರುತ್ತಾರೆ, ಮತ್ತು ಯಾರೂ ಏನೂ ಹೇಳಲಿಲ್ಲವೆಂಬ ಧೈರ್ಯದ ಮೇಲೆ ಅವರು ಇಂದಿಗೂ ಓಡಾಡಿಕೊಂಡಿದ್ದಾರೆ. ಅವರಿಗೆ ತಿಳಿಸಲು ಸಮಿತಿ ಬೇಕಾಗಿಲ್ಲ. ಈ ವಾರವೇ ಅವರಿಗೆ ಫೋನ್ ಮಾಡಿಸಿ. ಸಂಖ್ಯೆಗಳು ಅಧ್ಯಯನದವರ ಬಳಿ ಇವೆ.

ಇಂತಿ,
ಮಾದರಿ ಕೊಟ್ಟವನೊಬ್ಬನ ತಮ್ಮ