ಅತ್ತಿಗೆಗೆ, ಮತ್ತು ನಿಮ್ಮೆಲ್ಲರಿಗೂ

ರೇಡಿಯೇಷನ್ ಮುಗಿದಿದೆ. ಟ್ಯೂಬ್ ತೆಗೆದಿದ್ದಾರೆ. ಈಗ ಬಾಯಿಂದಲೇ ಊಟ ಮಾಡುತ್ತಿದ್ದೇನೆ. ಮಿಕ್ಕ ವಿವರ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ನನ್ನ ಪಾಲಿನ ಕೆಲಸ ಹಂಚಿಕೊಂಡ ಆಫೀಸಿನ ಗೆಳೆಯರು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವರು, ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡ ಅಕ್ಕ ಭಾವ, ನುಂಗುವ ವ್ಯಾಯಾಮ ಬಿಡದೆ ಮಾಡಿಸಿದ ಥೆರಪಿಸ್ಟ್, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಆದರೆ ಇವತ್ತು ನಾನು ಜಾಸ್ತಿ ಹೇಳಬೇಕಿರುವುದು ಅತ್ತಿಗೆಯ ಬಗ್ಗೆ.

ಆ ಒಂದು ರಾತ್ರಿ ಬಾಯಿ ಪೂರ್ತಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗಂಟಲಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಮಾತಾಡಲು ಆಗದೆ ಸ್ಲೇಟಿನಲ್ಲಿ ಬರೆದೆ, ‘ಸಾಕು. ಇನ್ನು ಬೇಡ.’ ಅತ್ತಿಗೆ ಓದಿದರು. ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ಲೇಟ್ ಒರೆಸಿ ಪಕ್ಕಕ್ಕಿಟ್ಟರು. ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸುತ್ತಾ ಅಮ್ಮನ ಅಡುಗೆಯ ಬಗ್ಗೆ ಮಾತಾಡತೊಡಗಿದರು.

ಅಮ್ಮ ಯಾವುದನ್ನೂ ಅಳೆದು ಹಾಕಿದವರಲ್ಲ. ಎಲ್ಲ ಕೈಅಂದಾಜು. ಅದನ್ನು ಕಲಿಯಲು ಅತ್ತಿಗೆ ಒಂದು ದಾರಿ ಹುಡುಕಿಕೊಂಡಿದ್ದರು. ಅಮ್ಮನ ಕೈಯಿಂದ ಉಪ್ಪು ಪಾತ್ರೆಗೆ ಬೀಳುವ ಮೊದಲೇ ತಮ್ಮ ಅಂಗೈ ಒಡ್ಡಿ ಹಿಡಿಯುತ್ತಿದ್ದರಂತೆ. ಆಮೇಲೆ ಅದನ್ನು ಚಮಚದಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ, ಉರಿ ಯಾವಾಗ ಸಣ್ಣಗೆ ಮಾಡಬೇಕು, ಒಂದೊಂದನ್ನೂ ಹೇಳುತ್ತಾ ಹೋದರು. ಬೆಳಗಾಯಿತು.

ಅಮ್ಮ ಹೋದ ಮೇಲೂ ನಮ್ಮ ಮನೆಯ ಊಟದ ರುಚಿ ಬದಲಾಗಿರಲಿಲ್ಲ. ಅದು ತಾನಾಗೇ ಉಳಿದಿದೆ ಅಂತ ಮನೆಯಲ್ಲಿ ನಾವೆಲ್ಲ ಅಂದುಕೊಂಡಿದ್ದೆವು. ಯಾರೋ ಅಂಗೈ ಒಡ್ಡಿ ಹಿಡಿದಿದ್ದಕ್ಕೆ ಅದು ಉಳಿಯಿತು.

ಬಾಯಲ್ಲಿ ಊರುವ ಜೊಲ್ಲಿನ ಬಗ್ಗೆ ಯಾರಾದರೂ ಯೋಚನೆ ಮಾಡುತ್ತಾರಾ? ಆರೋಗ್ಯವಾಗಿದ್ದರೆ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ 1.5 ಲೀಟರ್‌ವರೆಗೆ ಸುಮ್ನೆ ಬರುತ್ತಿರುತ್ತದೆ. ಅದರಲ್ಲಿ ಕರಗಿದರೆ ಮಾತ್ರ ಉಪ್ಪು ನಾಲಗೆಗೆ ಉಪ್ಪು ಅನ್ನಿಸುತ್ತದೆ. ನಾಲಗೆಯ ಮೇಲೆ ರುಚಿ ಹಿಡಿಯುವ ಜೀವಕೋಶಗಳು ಸಾಮಾನ್ಯವಾಗಿ 10 ದಿನ, ಎರಡು ವಾರಕ್ಕೊಮ್ಮೆ ಹೊಸದಾಗುತ್ತವೆ. ಜೊಲ್ಲಿನ ಗ್ರಂಥಿಗಳು ಹಾಗಲ್ಲ. ರೇಡಿಯೇಷನ್ ತಗುಲಿದರೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಕೆಲವೊಮ್ಮೆ ಮೊದಲಿನಷ್ಟು ಆಗುವುದೇ ಇಲ್ಲ.

ಮನೆಗೆ ಬಂದ ಮೇಲೆ ಅತ್ತಿಗೆ ನನಗೆ ಅಂತ ಬೇರೆ ಅಡುಗೆ ಮಾಡಲಿಲ್ಲ. ಎಲ್ಲರಿಗೂ ಮಾಡಿದ್ದರಲ್ಲೇ ಖಾರ ಹಾಕುವ ಮೊದಲು ನನ್ನ ಪಾಲು ತೆಗೆದು, ನುಣ್ಣಗೆ ರುಬ್ಬಿ, ಎಲ್ಲರ ಜೊತೆಗೇ ಬಡಿಸುತ್ತಿದ್ದರು. ತಿಂದರೆ ಒದ್ದೆ ಕಾಗದ ಜಗಿದ ಹಾಗೆ. ಆದರೂ ದಿನಾ ಕೇಳುವರು, ‘ಏನಾದ್ರೂ ಗೊತ್ತಾಯ್ತಾ?’ ನಾನು ದಿನಾ ತಲೆ ಅಲ್ಲಾಡಿಸುತ್ತಿದ್ದೆ. ಒಂದು ಮಧ್ಯಾಹ್ನ, ‘ಉಪ್ಪು ಸ್ವಲ್ಪ ಜಾಸ್ತಿ ಆಗಿದೆ ಅತ್ತಿಗೆ’ ಅಂದೆ. ಅವರು ಸೌಟು ಹಿಡಿದುಕೊಂಡೇ ಅತ್ತುಬಿಟ್ಟರು.

ಅತ್ತಿಗೆ, ಆ ರಾತ್ರಿ ಸ್ಲೇಟಿನಲ್ಲಿ ನಾನು ಬರೆದದ್ದನ್ನು ನೀವು ಯಾರಿಗೂ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಇವತ್ತು ನಾನೇ ಹೇಳುತ್ತಿದ್ದೇನೆ. ನೀವು ಏನನ್ನು ಹೊತ್ತುಕೊಂಡು ಓಡಾಡಿದಿರಿ ಅಂತ ಮನೆಯವರಿಗೂ ಗೊತ್ತಾಗಬೇಕು.

ಈಗ ಸಿಹಿ ಚೆನ್ನಾಗಿ ಗೊತ್ತಾಗುತ್ತದೆ, ಹುಳಿ ಒಂದೊಂದು ದಿನ. ಪ್ರತಿ ತುತ್ತಿಗೂ ಒಂದು ಗುಟುಕು ನೀರು ಬೇಕು. ಅತ್ತಿಗೆ ಆ ನೋಟ್‌ಬುಕ್ ನನಗೆ ಕೊಟ್ಟಿದ್ದಾರೆ, ಭಾನುವಾರದ ಅಡುಗೆ ಇನ್ನು ನನ್ನದು. ನೀವೆಲ್ಲ ಒಬ್ಬೊಬ್ಬರಾಗಿ ಊಟಕ್ಕೆ ಬರಬೇಕು. ನನ್ನ ಊಟ ತುಂಬಾ ನಿಧಾನ, ನಿಮ್ಮದು ಮುಗಿದರೆ ಕೈ ತೊಳೆದುಕೊಳ್ಳಿ, ಆದರೆ ಎದ್ದು ಹೋಗಬೇಡಿ. ಬರುವ ಮುಂಚೆ ಒಂದು ಫೋನ್ ಮಾಡಿ.