ತಾತನ ಹೊಸ ಸ್ನೇಹ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

"ಈ ವಯಸ್ಸಲ್ಲಿ ತಾತನಿಗೆ ಇದೆಲ್ಲಾ ಬೇಕಿತ್ತಾ ಅಮ್ಮಾ?" ಅಂತ ಮೊನ್ನೆ ಟೀಚರಮ್ಮನ ಜೊತೆಗಿನ ಅವರ ಸ್ನೇಹದ ಬಗ್ಗೆ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಅವಸರವಾಗಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಬೇಕಿತ್ತು ಕಣೇ. ತುಂಬಾ ಬೇಕಿತ್ತು.

ಅಜ್ಜಿ ಹೋದ ಮೇಲೆ ತಾತ ಹೇಗಾಗಿದ್ದರು ಅಂತ ನೀನೂ ನೋಡಿದ್ದೀಯ. ಮನೆ ತುಂಬಾ ಜನ ಇದ್ದರೂ ಅವರ ಕಿವಿಯ ಮೆಷಿನ್ ಡ್ರಾಯರಿನಲ್ಲೇ ಬಿದ್ದಿರುತ್ತಿತ್ತು. "ಹಾಕ್ಕೊಂಡು ಏನ್ ಕೇಳಿಸ್ಕೋಬೇಕು?" ಅನ್ನುತ್ತಿದ್ದರು. ಈಗ ಎದ್ದ ಕೂಡಲೇ ಅದನ್ನೇ ಹುಡುಕುತ್ತಾರೆ. ಬ್ಯಾಟರಿ ಮುಗಿದಿದ್ದರೆ ಹೊಸ ಪುಟ್ಟ ಬ್ಯಾಟರಿಯ ಸ್ಟಿಕ್ಕರ್ ಕೀಳುತ್ತಾರೆ, ಒಂದು ನಿಮಿಷ ಗಾಳಿಗೆ ಇಡುತ್ತಾರೆ, ಆಮೇಲೆ ಕೂರಿಸುತ್ತಾರೆ. ಒಳಗಿನ ಸತುವಿಗೆ ಗಾಳಿ ತಾಗಿದರೇನೇ ಅದು ಸರಿಯಾಗಿ ಕೆಲಸ ಮಾಡುವುದಂತೆ. ಹೇಳಿಕೊಟ್ಟವರು ಆ ಟೀಚರಮ್ಮ. ಇಬ್ಬರಿಗೂ ಪರಿಚಯವಾದದ್ದೇ ಕಿವಿ ಪರೀಕ್ಷೆಗೆ ಕಾಯುತ್ತಾ ಕೂತಿದ್ದಾಗ.

ಟೀಚರಮ್ಮನಿಗೆ ಕಣ್ಣು ಮಂಜು, ಓದಲು ಆಗುವುದಿಲ್ಲ. ಸಂಜೆ ತಾತ ಫೋನಿನಲ್ಲಿ ಪೇಪರ್ ಓದಿ ಹೇಳುತ್ತಾರೆ. ಸಂಪಾದಕೀಯ ಬಂತೋ, ವಾದ ಶುರು. ಇವರು "ಅದು ಹಾಗಲ್ಲ ಮೇಡಂ" ಅನ್ನುವುದು, ಆ ಕಡೆಯಿಂದ "ಸರ್, ಆ ಸಾಲು ಇನ್ನೊಂದ್ಸಲ ಓದಿ" ಅನ್ನುವುದು. ತಾತನ ದನಿಯಲ್ಲಿ ಇಷ್ಟು ಜೋರು ಕೇಳಿ ಎಷ್ಟು ಕಾಲವಾಗಿತ್ತು!

ಇದು ಬರೀ ಹೊತ್ತು ಹೋಗಲಿ ಅಂತಲ್ಲ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಜನರನ್ನು ಜೀವಮಾನವಿಡೀ ಗಮನಿಸುತ್ತಾ ಬಂದಿದೆ. 50ರ ವಯಸ್ಸಿನಲ್ಲಿ ತಮ್ಮ ಒಡನಾಟಗಳಲ್ಲಿ ತೃಪ್ತಿ ಇದ್ದವರೇ 80ರಲ್ಲಿ ಜಾಸ್ತಿ ಆರೋಗ್ಯವಾಗಿದ್ದರು ಅಂತ ಅಲ್ಲಿ ಕಂಡುಬಂತು. ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ನಾವು ಸರಿಪಡಿಸಬಹುದಾದ 12 ಕಾರಣಗಳನ್ನು 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿತು. ಕಿವಿ ಕೇಳದಿರುವುದೂ ಜನರಿಂದ ದೂರ ಉಳಿಯುವುದೂ ಅದರಲ್ಲಿವೆ. ತಾತನಿಗೆ ಎರಡೂ ಇದ್ದವು, ಅಲ್ವಾ?

ನಿನ್ನ ಸೋದರಮಾವನ ಚಿಂತೆ ದುಡ್ಡುಕಾಸಿನದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಒಂಟಿಯಾಗಿರುವ ವಯಸ್ಸಾದವರನ್ನು ಮೋಸ ಮಾಡುವವರು ಇದ್ದಾರೆ. ಆದರೆ ಅಂಥವರು ದುಡ್ಡು ಕೇಳುತ್ತಾರೆ, ಮನೆಯವರಿಗೆ ಹೇಳಬೇಡಿ ಅನ್ನುತ್ತಾರೆ, ನಿಧಾನಕ್ಕೆ ಎಲ್ಲರಿಂದ ದೂರ ಮಾಡುತ್ತಾರೆ. ಇಲ್ಲಿ ಉಲ್ಟಾ. "ಮೊಮ್ಮಗಳ ಹತ್ತಿರ ಮಾತಾಡಿದ್ರಾ?" ಅಂತ ತಾತನಿಗೆ ನೆನಪಿಸುವುದೇ ಆಕೆ.

ನಿನಗೆ ನೋವಾಗಿರುವುದು ಬೇರೆ ಕಾರಣಕ್ಕೆ, ಅಜ್ಜಿಯ ಜಾಗಕ್ಕೆ ಇನ್ಯಾರೋ ಬಂದರಲ್ಲ ಅಂತ. ನನಗೂ ತಾತ ಮೊದಲ ಸಲ ಅಷ್ಟು ನಕ್ಕಾಗ ಎದೆ ಚುರ್ ಅಂದಿತ್ತು. ಅಜ್ಜಿ ನನ್ನ ಅಮ್ಮ. ಆದರೆ ಒಂದು ಸಂಜೆ ತಾತ ಪದಬಂಧದ ಸುಳಿವು ಓದುತ್ತಾ, "ನಮ್ಮನೆಯವಳು ನನಗಿಂತ ಮೊದಲೇ ಪೆನ್ನಲ್ಲಿ ತುಂಬಿಸಿ ಇಟ್ಟುಬಿಡೋಳು, ತಪ್ಪಾದ್ರೆ ಪೇಪರನ್ನೇ ಅಡಗಿಸೋಳು" ಅಂತ ಹೇಳುತ್ತಿದ್ದರು. ನನಗೇ ಗೊತ್ತಿರದ ಸಂಗತಿ ಅದು. ನಮ್ಮ ಮುಂದೆ ಅವರು ಅಜ್ಜಿಯ ಹೆಸರೇ ಎತ್ತುವುದಿಲ್ಲ, ನಾವು ಅಳುತ್ತೇವೆ ಅಂತ. ಅಜ್ಜಿಯನ್ನು ನೋಡೇ ಇಲ್ಲದವರ ಹತ್ತಿರ ಎಲ್ಲವನ್ನೂ ಮೊದಲಿನಿಂದ ಹೇಳಬಹುದು, ನಗುತ್ತಾ ಹೇಳಬಹುದು. ಈ ಸ್ನೇಹ ಅವರಿಗೆ ಇನ್ನೇನು ಕೊಡದಿದ್ದರೂ ಇದೊಂದೇ ನನಗೆ ಸಾಕು.

ಮದುವೆ ಗಿದುವೆ ಅಂತೇನಾದರೂ ಇದೆಯಾ ಅಂದೆಯಲ್ಲ, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ. ಮಾವನಿಗೂ ಸುಮ್ನೆ ಕೆದಕಬೇಡ ಅಂದಿದ್ದೇನೆ.

ಭಾನುವಾರ ತಾತನಿಗೆ ಫೋನ್ ಮಾಡು. ಸಂಜೆ ಬೇಡ, ಲೈನ್ ಸಿಗುವುದಿಲ್ಲ. "ಮೇಡಂ ಹೇಗಿದ್ದಾರೆ?" ಅಂತ ನೀನಾಗಿಯೇ ಕೇಳು. ನೀನು ಬೇಜಾರು ಮಾಡಿಕೊಂಡಿದ್ದೀಯ ಅಂತ ಅವರಿಗೆ ಗೊತ್ತಾಗಿದೆ, ನಿನ್ನ ಹತ್ತಿರ ಆ ಮಾತು ತೆಗೆಯಲು ಹಿಂಜರಿಯುತ್ತಿದ್ದಾರೆ.

ಇಂತಿ,
ನಿನ್ನ ಅಮ್ಮ